ಬೀಗದೊಳಗಿನ ಅವ್ವ

“ಅವ್ವನ್ನ ಯಾರ ಮನೆ ಬಾಗಿಲಿಗೂ ಬಿಡಲ್ಲಪ್ಪ” ಎಂದು ಅಶ್ವಥ್ ಹನ್ನೆರಡು ವರ್ಷದ ಹಿಂದೆ ತಂದೆ ಜಂಬಯ್ಯನ ಕೈ ಹಿಡಿದು ಮಾತು ಕೊಟ್ಟಿದ್ದ. ಆ ವಾರವೇ ಜಂಬಯ್ಯ ತೀರಿಕೊಂಡರು.

ಈಗ ತಾಯಿ ಮೈಲಮ್ಮನಿಗೆ ಎಪ್ಪತ್ತೆರಡು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ಕಾದ ಮರಳಿನಲ್ಲಿ ಅಕ್ಕಿ ಹುರಿದ ಕೈ ಅವರದು. ಹೋದ ವರ್ಷ ಡಾಕ್ಟರು ಪರೀಕ್ಷಿಸಿ, “ಡಿಮೆನ್ಷಿಯಾ, ಮರೆವಿನ ಕಾಯಿಲೆ” ಎಂದರು. ಅಶ್ವಥ್ ಅದನ್ನು ಮನೆಯ ಹೊರಗೆ ಯಾರಿಗೂ ಹೇಳಲಿಲ್ಲ. ಅವನು ಗ್ಯಾರೇಜಿಗೆ, ಹೆಂಡತಿ ಸುಧಾ ಶಾಲೆಯ ಅಡುಗೆ ಕೆಲಸಕ್ಕೆ ಹೋಗುವಾಗ ಸರಸ್ವತಿ ನಗರದ ಮನೆಗೆ ಹೊರಗಿನಿಂದ ಬೀಗ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯಲ್ಲಿ ಹೊಗೆ. ಮೈಲಮ್ಮ ಗೋಡೆ ಸುತ್ತಿದ ಹಿತ್ತಲಿನ ಮರಳನ್ನು ಬಾಣಲೆಗೆ ತುಂಬಿ, ಗ್ಯಾಸ್ ಹಚ್ಚಿ, ಮಂಡಕ್ಕಿ ಹುರಿಯಲು ನಿಂತಿದ್ದರು. ಸೆರಗಿಗೆ ಬೆಂಕಿ ಹತ್ತಿತ್ತು. ಪಕ್ಕದ ಮನೆಯ ಖತೀಜಾಬೀ ಬೀಗ ಒಡೆಸಿ ಒಳನುಗ್ಗಿದ್ದರಿಂದ ಕೈ ಮಾತ್ರ ಸುಟ್ಟಿತು.

ಸಂಜೆ ಸುದ್ದಿ ಕೇಳಿ ಆಶಾ ಕಾರ್ಯಕರ್ತೆ ಹುಲಿಗೆಮ್ಮ ಬಂದರು.

“ಬೀಗ ಯಾಕ್ರಿ ಅಣ್ಣಾ?”

“ವಯಸ್ಸಾದ ಮ್ಯಾಲೆ ಅರಳು ಮರಳು ಇದ್ದದ್ದೇ. ಹೊರಗೆ ಹೋಗಿ ಕಳದ್ರೆ ಏನ್ ಮಾಡ್ಲಿ? ಆಶ್ರಮದ ಮಾತು ಮಾತ್ರ ಎತ್ತಬ್ಯಾಡ್ರಿ. ಅಪ್ಪಗೆ ಮಾತು ಕೊಟ್ಟೀನಿ.”

ಸುಧಾ ಡಾಕ್ಟರ ಚೀಟಿ ತಂದು ಹುಲಿಗೆಮ್ಮನ ಕೈಗಿಟ್ಟಳು. “ಇದು ಅರಳು ಮರಳಲ್ಲ, ಕಾಯಿಲೆ. ಬೆಳೀತಾ ಹೋಗ್ತೈತೆ.”

ಸುಧಾ ದನಿ ತಗ್ಗಿಸಿದಳು. “ಎಷ್ಟು ವರ್ಷ ಅಕ್ಕಾ?”

ಅಶ್ವಥ್ ದುರುಗುಟ್ಟಿ ನೋಡಿದ.

“ಸಾಯ್ಲಿ ಅಂತ ಕೇಳಿಲ್ಲ ಕಣ್ರಿ. ಹೆಂಗೆ ನೋಡ್ಕಳೋದು ಅಂತ ಕೇಳ್ದೆ. ರಾತ್ರಿ ನಿದ್ದಿಲ್ಲ, ಹಗಲು ಕೆಲಸದಾಗ ಜೀವ ನಿಲ್ಲಲ್ಲ.”

“ದಿನ ಎಣಿಸಿ ಯಾರೂ ಹೇಳಾಕಾಗಲ್ಲ” ಎಂದರು ಹುಲಿಗೆಮ್ಮ. “ಈ ವಯಸ್ಸಿನಾಗೆ ಗೊತ್ತಾದ್ರೆ ಸುಮಾರು ಜನ ಆರೇಳು ವರ್ಷ ಇರ್ತಾರೆ. ಕೆಲವರು ಕಮ್ಮಿ, ಕೆಲವರು ಹತ್ತು ದಾಟ್ತಾರೆ. ಕೊನೆಕೊನೆಗೆ ಊಟ, ಸ್ನಾನ ಎಲ್ಲಕ್ಕೂ ಒಬ್ರು ಬೇಕು. ಆರೈಕೆ ಕೇಂದ್ರನೂ ಬೇಕಾಗಬಹುದು. ಅವತ್ತು ಗಾಬರಿಯಾಗಿ ಓಡೋದಕ್ಕಿಂತ ಎಲ್ಲಿರ್ತೀ ಅಂತ ಇವತ್ತೇ ಅವ್ವನ್ನ ಕೇಳ್ರಿ. ಹೇಳೋ ಶಕ್ತಿ ಇನ್ನೂ ಐತೆ.”

ಅಶ್ವಥ್ ಕೇಳಲಿಲ್ಲ. ಸುಧಾ ಕೇಳಿದಳು.

ಮೈಲಮ್ಮ ಮಗನ ಮುಖ ನೋಡಿದರು. “ಎಮ್ಮಿನೂ ಬೆಳಗಾದ್ರೆ ಬಿಚ್ಚಿ ಬಿಡ್ತಾರಲೋ. ನನ್ನ ಜನ ಇರೋ ಕಡೆ ಕೂರ್ಸು. ಯಾರ ಮನೆ ಆದ್ರೇನು?”

ಅಶ್ವಥ್ ಒಡೆದ ಬೀಗವನ್ನು ಎತ್ತಿ ಕಸಕ್ಕೆ ಹಾಕಿದ. ಮರುದಿನದಿಂದ ಮೈಲಮ್ಮ ಹಗಲು ಖತೀಜಾಬೀ ಜೊತೆ ಇದ್ದರು. ಅಶ್ವಥ್, ಸುಧಾ ರಜೆ ಹಾಕಿ ಹರಿಹರದ ಒಂದು ಆರೈಕೆ ಕೇಂದ್ರಕ್ಕೆ ಹೋದರು. ರಾತ್ರಿ ಯಾರಿರುತ್ತಾರೆ, ಮಲಗಿದಲ್ಲೇ ಇರುವವರ ಮೈ ಹುಣ್ಣಾಗಿದೆಯೇ, ಯಾವಾಗ ಬಂದರೂ ಒಳಗೆ ಬಿಡುತ್ತಾರೆಯೇ, ಎಲ್ಲ ನೋಡಿ ಬಂದರು. ಎರಡು ವರ್ಷ ಕಳೆದು, ನುಂಗುವುದೂ ಕಷ್ಟವಾದಾಗ ಮೈಲಮ್ಮನನ್ನು ಅಲ್ಲಿಗೆ ಸೇರಿಸಿದರು. ಪ್ರತಿ ಭಾನುವಾರ ಅಶ್ವಥ್ ಹೋಗಿ ತಲೆ ಬಾಚುತ್ತಾನೆ. ಅವರು ಅವನನ್ನು ಗುರುತಿಸುವುದಿಲ್ಲ.

ನಿಮ್ಮ ಮನೆಯ ಹಿರಿಯರು ಹೇಳಿದ್ದನ್ನೇ ಹೇಳುತ್ತಿದ್ದರೆ, ದಾರಿ ತಪ್ಪುತ್ತಿದ್ದರೆ, ವಯಸ್ಸು ಎಂದು ಸುಮ್ಮನಿರಬೇಡಿ. ಡಾಕ್ಟರಿಗೆ ತೋರಿಸಿ. ಮುಂದೆ ಎಲ್ಲಿ, ಯಾರ ಜೊತೆ ಇರಬೇಕೆಂದು ಅವರನ್ನೇ ಕೇಳಿ. ಬಾಗಿಲಿಗೆ ಬೀಗ ಹಾಕಬೇಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ಅಶ್ವಥ್ ಅಪ್ಪನಿಗೆ ಕೊಟ್ಟ ಮಾತನ್ನು ಮುರಿದ, ಅವ್ವ ಹೇಳಿದ್ದನ್ನು ನಡೆಸಿದ.