ಗಂಟಲೊಳಗಿನ ಬುದ್ಧ

ಮಡಿಲಲ್ಲಿ ಹಿಡಿದ ಕುಡಿಕೆಯ ಬಾಯಿಗೆ ಕಟ್ಟಿದ ಕೆಂಪು ಬಟ್ಟೆ ಪಿಕಪ್ಪಿನ ಎಸಿ ಗಾಳಿಗೆ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ, ಒಳಗೆ ಯಾರೋ ಉಸಿರಾಡುತ್ತಿರುವ ಹಾಗೆ — ಛೆ, ಎಂಥ ಯೋಚನೆ, ಒಳಗಿರುವುದು ಎಲುಬು, ಮೊರಿತಾ ಸಾಹೇಬರ ಎಲುಬು, ಇವತ್ತು ಬೆಳಿಗ್ಗೆ ಶ್ಮಶಾನದಲ್ಲಿ ನಾನೇ ಹಾಲು, ಎಳನೀರು ಎರೆದು ತಣಿಸಿ ಆಯ್ದು ತುಂಬಿದ್ದು, ಊರಿನ ಕ್ರಮದಲ್ಲಿ ಒಂದು ಕೂದಲಿನಷ್ಟೂ ಕೊರತೆ ಆಗದಂತೆ, ಬೂದಿ ಮುಚ್ಚುವ ಕೆಲಸದಲ್ಲಿ ಈ ಬಹರೈನಿನಲ್ಲಿ ಸೇಸಪ್ಪನಿಗೆ ಹೇಳಿಕೊಡುವವರು ಯಾರಿದ್ದಾರೆ, ನಮ್ಮ ಕಡೆಯವರು ಯಾರು ತೀರಿಕೊಂಡರೂ ಮೊದಲ ಫೋನು ನನಗೇ — ಜೊಕಿಮ್, ಎಸಿ ಸ್ವಲ್ಪ ಕಮ್ಮಿ ಮಾಡು ಮಾರಾಯ. ಕಮ್ಮಿ ಮಾಡಿದ್ರೆ ನಾವಿಬ್ರೂ ಬೇಯುದೇ ಸೇಸಪ್ಪಣ್ಣ, ಹೊರಗೆ ಬಿಸಿಲು ಕಾಣುದಿಲ್ವಾ. ಸರಿ, ಉಬ್ಬಲಿ. ಪಿಕಪ್ಪು ಸಲ್ಮಾಬಾದಿನ ಗೋದಾಮುಗಳನ್ನು ದಾಟುತ್ತಿದೆ, ಅದೋ ನಮ್ಮ ವರ್ಕ್‌ಶಾಪಿನ ನೀಲಿ ಗೇಟು, ಕಳೆದ ವಾರ ಇದೇ ಹೊತ್ತಿಗೆ ಅಲ್ಲಿ ಸಾಹೇಬರು ದೊಡ್ಡ ಎಸಿಯ ಚಿಲ್ಲರ್ ಯಂತ್ರಕ್ಕೆ ಕಿವಿಯಿಟ್ಟು ನಿಂತಿದ್ದರು, ಇಂಜಿನಿಯರಾದರೂ ಫೋರ್ಮನ್ನಿನ ಮಾತು ಕೇಳುತ್ತಿದ್ದ ಮನುಷ್ಯ, ಸೇಸಪ್ಪ-ಸಾನ್ ನೀವು ಹೇಳಿ, ಬೇರಿಂಗಾ, ಬೆಲ್ಟಾ — ಮರುದಿನ ಎದೆನೋವು, ಆಸ್ಪತ್ರೆಗೆ ಮುಟ್ಟುವ ಮೊದಲೇ ಮುಗಿಯಿತು. ಭವ್ಯಶ್ರೀಯ ಫೋನು ಬಾರದೇ ಇದ್ದಿದ್ದರೆ ನಾನು ಈಗ ಎಷ್ಟು ಸಮಾಧಾನದಲ್ಲಿ ಇರುತ್ತಿದ್ದೆ, ತಂಗಿಯ ಮಗಳು, ನಮ್ಮ ಕಂಪೆನಿಯ ಆಫೀಸಿನಲ್ಲೇ ಕೆಲಸ, ಜಪಾನಿ ಭಾಷೆ ಕಲಿತವಳು, ಸಾಹೇಬರ ಹೆಂಡತಿಯ ಜೊತೆ ಮಾತಾಡಲು ಬರುವುದು ಅವಳೊಬ್ಬಳಿಗೇ. ಬಟ್ಟೆ ಬಿಗಿದು ಗಂಟು ಹಾಕಿ ಕೈ ತೊಳೆಯುತ್ತಿದ್ದೆ, ಆಗಲೇ ಬಂತು. ಮಾವ, ಗಂಟಲಿನ ಬುದ್ಧ ಸಿಕ್ಕಿತಾ ಅಂತ ಮೇಡಂ ಕೇಳ್ತಾ ಇದ್ದಾರೆ. ಎಂಥ ಬುದ್ಧ? ಕುತ್ತಿಗೆಯ ಒಂದು ಎಲುಬಂತೆ ಮಾವ, ಸುಟ್ಟ ಮೇಲೆ ನೋಡಿದ್ರೆ ಬುದ್ಧ ಕೈಮುಗಿದು ಕೂತ ಹಾಗೇ ಕಾಣ್ತದಂತೆ, ಅವರಲ್ಲಿ ಅದೇ ಮುಖ್ಯ ಅಂತೆ, ಮನೆಯವರೇ ಇಬ್ಬಿಬ್ಬರು ಸೇರಿ ಕಡ್ಡಿಯಲ್ಲಿ ಎತ್ತುದಂತೆ, ಊಟದ ಕಡ್ಡಿ ಉಂಟಲ್ಲ ಹಾಗಿನದ್ದು, ಕಾಲಿನ ಎಲುಬಿನಿಂದ ಸುರು ಮಾಡಿ ಕಡೆಗೆ ಅದನ್ನು ಇಡುದಂತೆ, ನೀವು ಏನೂ ಮಾಡದೆ ಇದ್ದ ಹಾಗೇ ತರ್ತಾ ಇದ್ದೀರಲ್ಲ? ಹೌದು ಹೌದು, ಇದ್ದ ಹಾಗೇ, ಎಲ್ಲ ಸರಿ ಉಂಟು ಅಂತ ಹೇಳು. ನನ್ನ ನಾಲಿಗೆ ಅಷ್ಟು ಸಲೀಸಾಗಿ ಹೇಗೆ ಹೇಳಿತು ಎಂದು ನನಗೇ ಗೊತ್ತಿಲ್ಲ.

ಈ ಗಂಟಲಿನ ಬುದ್ಧನ ಬಗ್ಗೆ ಸಾಹೇಬರೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು, ಬೇರೆಲ್ಲ ಹೇಳಿದ್ದರಲ್ಲ, ಊಟದ ಹೊತ್ತಿಗೆ ನನ್ನ ಬುತ್ತಿಯ ಮೀನುಸಾರಿಗೆ ಮೂಗರಳಿಸಿಕೊಂಡು ಒಸಾಕಾ, ಒಸಾಕಾ, ಅವರ ಬಾಯಲ್ಲಿ ಬೇರೆ ಊರೇ ಇರಲಿಲ್ಲ, ತೆನ್ನೋಜಿ ಎನ್ನುವ ಕೇರಿಯಂತೆ, ಕಲ್ಲೆಸೆದರೆ ದೇವಸ್ಥಾನದ ಮಾಡಿಗೇ ಬೀಳಬೇಕಂತೆ, ಅಷ್ಟು ಒತ್ತೊತ್ತು, ಎಲ್ಲಕ್ಕೂ ಹಿರಿಯದು ಶಿತೆನ್ನೋಜಿ, ನಾಲ್ಕು ದಿಕ್ಕು ಕಾಯುವ ನಾಲ್ವರು ದೇವರ ಹೆಸರಿನದು, ಓ ದಿಕ್ಪಾಲಕರು ಎಂದೆ ನಾನು, ನಮ್ಮಲ್ಲೂ ಉಂಟು ಸಾಹೇಬ್ರೇ, ಅವರಿಗೆ ಖುಷಿಯೋ ಖುಷಿ, ಯುದ್ಧದಲ್ಲಿ ಗೆದ್ದರೆ ಕಟ್ಟಿಸುತ್ತೇನೆಂದು ರಾಜಕುಮಾರನೊಬ್ಬ ಹರಕೆ ಹೊತ್ತಿದ್ದನಂತೆ, ಗೆದ್ದ, ಕಟ್ಟಿಸಿದ, ಸಾವಿರದ ನಾನ್ನೂರು ವರ್ಷ ಆಯಿತಂತೆ, ಬರೀ ಪೂಜೆಯಲ್ಲ, ರೋಗಿಗಳಿಗೆ ಔಷಧಿ, ಗತಿಯಿಲ್ಲದವರಿಗೆ ಮಲಗಲು ಜಾಗ, ಎಲ್ಲ ಅದರ ಅಂಗಳದಲ್ಲೇ. ಮತ್ತೆ ಅದು ಉಳಿದದ್ದಾದರೂ ಹೇಗೆ, ಸುಟ್ಟುಹೋಗುವುದು, ಕಟ್ಟುವುದು, ಗಾಳಿಗೆ ಬೀಳುವುದು, ಕಟ್ಟುವುದು, ಕಟ್ಟಿ ಮುಗಿದು ಐದು ವರ್ಷ ಆಗಿರಲಿಲ್ಲ ಯುದ್ಧದ ಬಾಂಬು ಬಿತ್ತು, ಈಗ ಇರುವ ಐದು ಮಾಡಿನ ಗೋಪುರ ಕಾಂಕ್ರೀಟಿನದ್ದು. ಕಾಂಕ್ರೀಟಾ? ಅದಕ್ಕೆ ಎಂಥ ಹಳತು ಅಂತ ಹೇಳುದು ಸಾಹೇಬ್ರೇ, ಎಂದು ನಾನು ನಕ್ಕೆ, ಅವರೂ ನಕ್ಕರು, ಮತ್ತೆ ಕಟ್ಟಿದರೆ ಅದೇ ಸೇಸಪ್ಪ-ಸಾನ್, ಅದೇ. ವರ್ಷಕ್ಕೆರಡು ಸಲ, ಹಗಲು ರಾತ್ರಿ ಸಮ ಆಗುವ ದಿನ, ಅಲ್ಲಿಯ ಪಡುಬಾಗಿಲಿನಲ್ಲಿ ಜನ ನಿಂತು ಸೂರ್ಯ ಮುಳುಗುವುದನ್ನು ನೋಡುತ್ತಾರಂತೆ, ಸತ್ತವರು ಹೋಗುವ ಅಮಿದಾ ಬುದ್ಧನ ಲೋಕ ಪಶ್ಚಿಮದಲ್ಲಿ ಉಂಟಲ್ಲ, ಅದರ ಕಡೆಗೆ ಮುಖ ಮಾಡಿ, ಒಸಾಕಾದಿಂದ ಪಶ್ಚಿಮಕ್ಕೆ ಅಂದರೆ ಬಹರೈನೇ, ನಾನು ಸಾಯುವ ಮೊದಲೇ ಸ್ವರ್ಗಕ್ಕೆ ಬಂದು ಓವರ್‌ಟೈಮ್ ಮಾಡುತ್ತಿದ್ದೇನೆ — ಹೀಗೆಲ್ಲ ತಮಾಷೆ ಮಾಡುವ ಮನುಷ್ಯ, ಎಲುಬಿನ ಬುದ್ಧನ ಸುದ್ದಿ ಹೇಳುವಾಗ ಮಾತ್ರ ನಗಲಿಲ್ಲ, ಅದೇ ಕೇರಿಯ ಇನ್ನೊಂದು ದೇವಸ್ಥಾನ ಇಸ್ಶಿನ್‌ಜಿ, ಅಲ್ಲಿ ಹತ್ತು ವರ್ಷದಲ್ಲಿ ಜನ ತಂದೊಪ್ಪಿಸಿದ ಎಲುಬನ್ನೆಲ್ಲ ಪುಡಿ ಮಾಡಿ ಒಂದು ಬುದ್ಧನನ್ನು ಎರಕ ಹೊಯ್ಯುತ್ತಾರೆ, ಲಕ್ಷಕ್ಕೂ ಮೀರಿದ ಜನ ಸೇರಿ ಒಬ್ಬ ಬುದ್ಧ, ಸಾಹುಕಾರನೂ ಅದರಲ್ಲೇ, ಹಮಾಲಿಯೂ ಅದರಲ್ಲೇ, ನನ್ನ ಅಪ್ಪ ಒಂದರಲ್ಲಿ ಇದ್ದಾರೆ, ಮೊಣಕಾಲಲ್ಲೋ ಭುಜದಲ್ಲೋ ಯಾರಿಗೆ ಗೊತ್ತು, ಕೈಮುಗಿದರೆ ಆಯಿತು, ಮುಂದಿನ ಬುದ್ಧ ಬರುವ ವರ್ಷ. ಅದರಲ್ಲೋ ಅದರ ಮುಂದಿನದರಲ್ಲೋ ನಾನು, ಎಂದರು, ಇಲ್ಲಿ ಏನಾದರೂ ಆದರೆ ಸೇಸಪ್ಪ-ಸಾನ್ ಇದ್ದಾರೆ ಎಂದು ಹೆಂಡತಿಗೆ ಹೇಳಿಟ್ಟಿದ್ದೇನೆ ಎಂದರು. ನನ್ನ ಎದೆ ಎಷ್ಟು ಉಬ್ಬಿತ್ತು ಆವತ್ತು.

ಅದೇ ಅಲ್ಲವಾ ನಾನು ಹೇಳುವುದು, ಹೇಗೂ ಪುಡಿ ಮಾಡುವುದೇ ಆದರೆ ಇಲ್ಲಿ ಆದರೇನು ಅಲ್ಲಿ ಆದರೇನು, ಭವ್ಯಶ್ರೀಗೆ ಇದನ್ನೇ ಹೇಳಬೇಕಿತ್ತು, ಯುದ್ಧದ ಮೊದಲು ಮಾಡಿದ ಆರು ಬುದ್ಧರು ಬಾಂಬಿಗೆ ಸಿಕ್ಕಿ ಚೂರಾದಾಗ ಆ ಚೂರುಗಳನ್ನೇ ಒಟ್ಟು ಮಾಡಿ ಏಳನೆಯದನ್ನು ಎರಕ ಹೊಯ್ದರಂತಲ್ಲ, ಚೂರಾದರೆ ಆಗುವುದಿಲ್ಲ ಎಂದು ಯಾವ ಭಟ್ಟನೂ ಹೇಳಲಿಲ್ಲವಲ್ಲ — ಆದರೆ ಅದು ಬಾಂಬು, ಇದು ನಾನು. ಕುಡಿಕೆಯ ಬಾಯಿ ಸಣ್ಣದು, ತೊಡೆಯ ಎಲುಬು ಒಳಗೆ ಇಳಿಯುವುದಿಲ್ಲ, ಹಾಗಾಗಿ ಕೋಲು ತೆಗೆದುಕೊಂಡೆ, ಯಾವಾಗಲೂ ತೆಗೆದುಕೊಳ್ಳುತ್ತೇನೆ, ಮೆತ್ತಗೆ ತಟ್ಟಿದರೆ ಸಾಕು, ಹಪ್ಪಳ ಮುರಿದಷ್ಟು ಸುಲಭ. ಜೊಕಿಮ್ ದೂರದಲ್ಲಿ ಪಿಕಪ್ಪಿಗೆ ಒರಗಿ ನಿಂತು, ನಮ್ಮ ಇಗರ್ಜಿಯವರದ್ದೇ ಒಳ್ಳೇದು ಸೇಸಪ್ಪಣ್ಣ, ಒಮ್ಮೆ ಹುಗಿದ್ರೆ ಮತ್ತೆ ಯಾರೂ ಮುಟ್ಲಿಕ್ಕಿಲ್ಲ ಎನ್ನುತ್ತಿದ್ದ, ನಾನು ಅದಕ್ಕೆ ಏನೋ ಉತ್ತರ ಹೇಳುತ್ತ ತಟ್ಟುತ್ತಿದ್ದೆ, ಹೇಳುತ್ತ, ತಟ್ಟುತ್ತ, ಆಗ ಬೂದಿಯ ಮೇಲೆ ಬಿಳಿಯದೊಂದು, ಪುಟ್ಟದು, ನೆಟ್ಟಗೆ ಕೂತದ್ದು — ಇಲ್ಲ, ಅದು ಆಮೇಲೆ. ಮೊದಲು ಅವರು, ಕಿನುಯೊ ಮೇಡಂ, ಬೆಳಿಗ್ಗೆ ಶ್ಮಶಾನಕ್ಕೆ ಹೋಗುವ ಮೊದಲು ಒಂದು ಮಾತು ಹೇಳಿ ಹೋಗೋಣವೆಂದು ಗುಫೂಲಿನ ಅವರ ಫ್ಲ್ಯಾಟಿಗೆ ಹೋದರೆ ಬಾಗಿಲು ತೆರೆದೇ ಇತ್ತು, ಕಪ್ಪು ಉಡುಪಿನಲ್ಲಿ, ಶೂ ಹಾಕಿಕೊಂಡು, ಕೈಚೀಲ ಎದೆಗೆ ಒತ್ತಿ ಹಿಡಿದು ನಿಂತಿದ್ದಾರೆ, ನಾನು ನೋಡಿದೆ, ಅಯ್ಯೋ ಪಾಪ ಅನಿಸಿತು, ನಿಜಕ್ಕೂ ಪಾಪ ಅನಿಸಿದ್ದೇ, ಹೆಣ್ಣುಮಕ್ಕಳನ್ನು ಆ ಜಾಗಕ್ಕೆ ಕರೆದುಕೊಂಡು ಹೋಗುವುದು ಉಂಟಾ, ಗಂಡನ ಎಲುಬು ನೋಡಿ ಅಲ್ಲೇ ಬಿದ್ದರೆ, ಮೇಡಂ, ನೋ ನೋ, ಲೇಡೀಸ್ ನೋ ಕಮ್, ಯೂ ರೆಸ್ಟ್, ಸೇಸಪ್ಪ ಆಲ್ ಡೂಯಿಂಗ್. ಏನೋ ಹೇಳಲು ಬಾಯಿ ತೆರೆದರು, ನಾನು ಎರಡೂ ಕೈ ಅಡ್ಡ ಮಾಡಿ, ರೆಸ್ಟ್ ರೆಸ್ಟ್. ಬಗ್ಗಿ ನಮಸ್ಕಾರ ಮಾಡಿದರು, ಆಮೇಲೆ ಅಲ್ಲೇ ಕೂತು ಶೂ ಬಿಚ್ಚಿದರು, ಒಂದು, ಮತ್ತೆ ಇನ್ನೊಂದು. ಫೋನಿನಲ್ಲಿ ಭವ್ಯಶ್ರೀ ಹೇಳಿದ್ದಲ್ಲವಾ, ಕಡ್ಡಿಗಳು ಆ ಚೀಲದಲ್ಲೇ ಇದ್ದವಂತೆ ಮಾವ, ಅವರೇ ಎತ್ತಬೇಕಿತ್ತಂತೆ, ನೀವು ಇಷ್ಟು ಮಾಡ್ತಾ ಇದ್ದೀರಿ, ಮತ್ತೆ ಹೇಗೆ ಹೇಳುದು ಅಂತ ಸುಮ್ಮನಾದ್ರಂತೆ. ಒಂದು ಮಾತು ಕೇಳಲು ನನಗೆ ಏನಾಗಿತ್ತು, ಯಾವಾಗಲೂ ಹೀಗೇ, ಎಲ್ಲದಕ್ಕೂ ಮುಂದೆ ನುಗ್ಗುವುದು, ಇಲ್ಲೇ ಸನದ್‌ನ ನಮ್ಮ ಮನೆಯಲ್ಲಿ ಹೆಂಡತಿ ಅಕ್ಕು ದಿನಾ ಹೇಳುವುದು ಅದನ್ನೇ, ನಿಮಗೆ ಕೇಳಿ ಗೊತ್ತಿಲ್ಲ, ಹೇಳಿ ಮಾತ್ರ ಗೊತ್ತುಂಟು. ಅವಳ ಮಾತಿಗೆ ನಾನು ಯಾವತ್ತೂ ಕಿವಿ ಕೊಟ್ಟವನಲ್ಲ.

ಗುಫೂಲಿನ ಸಿಗ್ನಲ್ಲು ಕೆಂಪು, ಇನ್ನೂ ಸ್ವಲ್ಪ ಹೊತ್ತು ಕೆಂಪಾಗಿಯೇ ಇರಲಿ, ಗಂಟು ಬಿಚ್ಚಿ ಒಮ್ಮೆ ನೋಡಿಬಿಡಲಾ, ಒಮ್ಮೆ ಕಟ್ಟಿದ ಮೇಲೆ ಬಿಚ್ಚುವ ಕ್ರಮ ಇಲ್ಲ, ಕ್ರಮ, ಕ್ರಮ, ಯಾರ ಕ್ರಮ — ಅದು ಇದ್ದರೆ ಇದರೊಳಗೆ ಇದೆ, ಇಲ್ಲವಾದರೆ ಗಾಡಿಯ ಹಿಂದೆ ಚೀಲದಲ್ಲಿ ಕಟ್ಟಿಟ್ಟ ಬೂದಿಯಲ್ಲಿ, ಸಮುದ್ರಕ್ಕೆ ಇನ್ನೂ ಬಿಟ್ಟಿಲ್ಲವಲ್ಲ, ಎಲ್ಲಿಗೂ ಹೋಗಿಲ್ಲ, ಸೋಸಿದರಾಯಿತು, ಅಕ್ಕಿ ಆರಿಸಿದ ಹಾಗೆ ಆರಿಸಿದರಾಯಿತು, ಅಷ್ಟಕ್ಕೂ ಅದನ್ನು ಮೊದಲೇ ಎತ್ತಿ ಬದಿಗೆ ಇಟ್ಟಿದ್ದೆನೋ ಏನೋ, ಚಂದ ಕಂಡಿತ್ತಲ್ಲ, ಚಂದ ಕಂಡದ್ದನ್ನು ಯಾರಾದರೂ ಎತ್ತಿ ಇಡುತ್ತಾರೆ, ಇಟ್ಟಿರಬೇಕು, ಕೋಲು ಮೇಲೆ ಇತ್ತು, ಅದು ಕೆಳಗೆ ಕೂತಿತ್ತು, ಪುಟ್ಟದು, ಎದೆಯ ಹತ್ತಿರ ಕೈ ಕೂಡಿಸಿದ ಹಾಗೆ, ಎಂಥದಿದು ಗೊಂಬೆಯ ಹಾಗೆ ಅಂದುಕೊಂಡೆ, ಹೌದು, ಅಂದುಕೊಂಡೆ, ಆಮೇಲೆ ಕೈ — ಹಸಿರು ಬಿತ್ತು ಸೇಸಪ್ಪಣ್ಣ, ಯಾಕೆ ಬೆವರುದು ನೀವು ಇಷ್ಟು ಎಸಿಯಲ್ಲಿ? ಏನಿಲ್ಲ ಮಾರಾಯ, ಸೀದಾ ಹೋಗು. ಜೊಕಿಮ್, ನಾನು ಬೆಳಿಗ್ಗೆ ಏನಾದರೂ ಬದಿಗೆ ಎತ್ತಿಟ್ಟದ್ದು ನೀನು ಕಂಡಿದ್ದೀಯಾ? ಬದಿಗೆ ಎಂಥದೂ ಇಟ್ಟಿಲ್ಲ ನೀವು, ಸಮಾ ಹೊಡೆದು ತುಂಬಿಸಿದ್ರಲ್ಲ. ಸಮಾ ಹೊಡೆದು. ಅವನು ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಿದ್ದಾನೆ, ನಾನು ಕುಡಿಕೆ ತಬ್ಬಿಕೊಂಡು ಇಳಿದೆ, ಲಿಫ್ಟಿನಲ್ಲಿ ಹೋಟೆಲಿನ ಪಾರ್ಸೆಲ್ ಹಿಡಿದವನೊಬ್ಬ ಕೆಂಪು ಬಟ್ಟೆ ನೋಡಿ, ಭಾಯಿ, ಪ್ರಸಾದ್ ಹೈ ಕ್ಯಾ? ನನಗೆ ಹೆದರಿಕೆಯಾಗುತ್ತಿದೆ, ಸತ್ಯ ಹೇಳಬೇಕೆಂದರೆ ಇಷ್ಟು ಹೆಣಗಳನ್ನು ಹೊತ್ತವನಿಗೆ ಯಾವತ್ತೂ ಆಗದ ಹೆದರಿಕೆ ಈಗ ಆಗುತ್ತಿದೆ.

ಬಾಗಿಲಲ್ಲಿ ಭವ್ಯಶ್ರೀ ಇಲ್ಲ, ಆಫೀಸು ಬಿಟ್ಟು ಬರಲಿಕ್ಕೆ ಆಗಲಿಲ್ಲವಂತೆ, ಮೇಡಂ ಒಬ್ಬರೇ, ಬಗ್ಗಿ ಕುಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಟ್ಟೆಯ ಮೇಲೆ ಹಣೆ ಮುಟ್ಟಿಸಿದರು, ಥ್ಯಾಂಕ್ಯೂ ಸೇಸಪ್ಪ-ಸಾನ್, ಥ್ಯಾಂಕ್ಯೂ, ಬೈದಿದ್ದರೆ ಒಳ್ಳೆಯದಿತ್ತು. ಊಟದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿದ್ದಾರೆ, ಮುಷ್ಟಿಯಷ್ಟಿನ ಬಿಳಿ ಪಿಂಗಾಣಿ ಪಾತ್ರೆ, ಪಕ್ಕದಲ್ಲಿ ಎರಡು ಜೊತೆ ಕಡ್ಡಿ, ಗೋಡೆಯಲ್ಲಿ ಸಾಹೇಬರು ವರ್ಕ್‌ಶಾಪಿನ ಹೆಲ್ಮೆಟ್ಟಿನಲ್ಲಿ ನಗುತ್ತಿದ್ದಾರೆ. ಒಂದು ಜೊತೆ ನನ್ನ ಕೈಗೆ ಕೊಟ್ಟರು, ಮಕ್ಕಳಿಲ್ಲ, ಇಬ್ಬರು ಬೇಕಲ್ಲ, ಯೂ, ಫ್ಯಾಮಿಲಿ, ಎಂದರು. ನನ್ನ ಗಂಟನ್ನು ತಾವೇ ಬಿಚ್ಚಿದರು, ಹಾಳೆಯ ಮೇಲೆ ನಿಧಾನ ಸುರಿದರು, ಚೂರು, ಚೂರು, ಎಲ್ಲ ಒಂದೇ ಅಳತೆಯ ಚೂರು, ಸೇಸಪ್ಪನ ಕೆಲಸ ಯಾವತ್ತೂ ಅಚ್ಚುಕಟ್ಟು, ಮನುಷ್ಯನೊಬ್ಬ ಇಲ್ಲಿದ್ದ ಎಂದು ಹೇಳಲು ಉದ್ದದ್ದೊಂದು ತುಂಡಾದರೂ ಬೇಡವಾ. ಅವರ ಕಡ್ಡಿ ಒಂದರ ಮೇಲೆ ನಿಂತಿತು, ಎತ್ತಲಿಲ್ಲ, ಇನ್ನೊಂದರ ಮೇಲೆ ನಿಂತಿತು, ಅಲ್ಲಿಂದ ಮತ್ತೊಂದಕ್ಕೆ. ಸೇಸಪ್ಪ-ಸಾನ್, ಫಸ್ಟ್, ಫೂಟ್. ಮೆತ್ತಗೆ ಕೇಳುತ್ತಿದ್ದಾರೆ, ನನಗೆ ಗೊತ್ತಿರಲೇಬೇಕು ಎನ್ನುವ ನಂಬಿಕೆಯಲ್ಲಿ, ವಿಚ್ ಈಸ್ ಫೂಟ್? ಕಾಲಿನಿಂದ ಸುರು ಮಾಡದಿದ್ದರೆ ಸಾಹೇಬರು ಪಾತ್ರೆಯೊಳಗೆ ತಲೆಕೆಳಗಾಗಿ ಇರಬೇಕಾಗುತ್ತದೆ. ಯಾವುದನ್ನಾದರೂ ತೋರಿಸಿ ಇದೇ ಎಂದುಬಿಡಬಹುದು, ಯಾರು ಬಂದು ಅಳೆಯುತ್ತಾರೆ, ನಾಲಿಗೆಯ ತುದಿಯಲ್ಲೇ ಇದೆ. ಅವರು ಬೆರಳನ್ನು ತಮ್ಮ ಗಂಟಲಿಗೆ ಮುಟ್ಟಿಸಿದರು, ಆಮೇಲೆ ಎರಡೂ ಕೈ ಜೋಡಿಸಿ ನನ್ನ ಮುಖ ನೋಡಿದರು, ಹಿ ಈಸ್ ಹಿಯರ್?

ಅದು ಬೂದಿಯ ಮೇಲೆ ಕೂತಿತ್ತು, ಪುಟ್ಟದು, ಬಿಳಿಯದು, ನಾನು ನೋಡಿದೆ, ಚಂದ ಉಂಟು ಅಂದುಕೊಂಡೆ, ಹೊಡೆದೆ. ಈಗ ನೆನಪಾಗುತ್ತಿರುವುದಲ್ಲ, ಮರೆತೇ ಇರಲಿಲ್ಲ. ಮೇಡಂ, ಐ — ಇಂಗ್ಲಿಷಿನಲ್ಲಿ ಮುಂದಿನದು ಬರುವುದಿಲ್ಲ, ಹಿಂದಿಯಲ್ಲಿ ಬಂದರೂ ಅವರಿಗೆ ತಿಳಿಯುವುದಿಲ್ಲ, ಐ, ನಾನು, ಈ ಕೈ, ಹೇಗೆ ಹೇಳಲಿ, ಹಾಗಾಗಿ ಕಡ್ಡಿಯನ್ನೇ ಕೋಲಿನಂತೆ ಹಿಡಿದು ಕೈ ಎತ್ತಿದೆ, ತೋರಿಸಲು, ಬೆಳಿಗ್ಗೆ ಎತ್ತಿದ ಹಾಗೇ, ಹೀಗೆ ಮೇಡಂ, ಹೀಗೆ, ನಾನೇ — ಅವರು ಕೈಯನ್ನು ನೋಡಿದರು, ಕೆಳಗಿನ ಚೂರುಗಳನ್ನು ನೋಡಿದರು, ಮತ್ತೆ ಕೈಯನ್ನು, ಅರ್ಥವಾಯಿತು, ಕಣ್ಣಿನಲ್ಲಿ ಅರ್ಥವಾದದ್ದು ಕಂಡಿತು, ಅಳಲಿಲ್ಲ, ಎರಡೂ ಅಂಗೈಗಳನ್ನು ಬಿಡಿಸಿ ಚೂರುಗಳ ಮೇಲೆ ಮುಚ್ಚಿಬಿಟ್ಟರು, ಪೆಟ್ಟು ಇನ್ನೂ ಬೀಳಬೇಕಾಗಿದೆ ಎಂಬಂತೆ, ಅಂಗೈಯ ಅಡಿಯಲ್ಲಿ ಅದು ಇನ್ನೂ ಕೂತಿದೆ ಎಂಬಂತೆ, ನನ್ನ ಕೈ ಮೇಲೆಯೇ ಇದೆ, ಇಳಿಸಬೇಕು, ಇಳಿಯುತ್ತಿಲ್ಲ, ಕೆಳಗೆ ಆ ಎರಡು ಕೈಗಳು, ಬೆರಳು ಬೆರಳು ಸೇರಿಸಿ, ಮುಚ್ಚಿಕೊಂಡು, ಆ ಎರಡು ಕೈಗಳು —