ಒಗೆತದ ಕೋಣೆಯ ಬ್ಯಾಟು

ಮೆಟ್ಟಿಲ ಕೆಳಗಿನ ಸಂದಿಗೆ ತಲೆ ತೂರಿಸಿ ಜೇಬೆಜ್ ಸಗ್ಡನ್ ಹುಡುಕುತ್ತಲೇ ಇದ್ದ. "ಬ್ಯಾಟೆಲ್ಲಮ್ಮಾ ಎಫೀ? ಪೆಟ್ಟಿಗೆ ಮೇಲೆ ಇಡ್ಬೇಕಲ್ಲ!"

ಕೌಂಟಿ ಕ್ರಿಕೆಟ್ ತಂಡಕ್ಕೆ ಆಡಿದವನ ಶವಪೆಟ್ಟಿಗೆಯ ಮೇಲೆ ಅವನ ಟೋಪಿ, ಬ್ಯಾಟು ಇಟ್ಟು ಕಳಿಸುವುದು ಇಂಗ್ಲೆಂಡಿನ ಆ ಗಿರಣಿ ಊರಿನ ರೂಢಿ. ಎಫಿಯ ಗಂಡ ವಿಲ್ಫ್‌ನ ಜೊತೆ ಆಡಿದ್ದ ಜೇಬೆಜ್‌ಗೆ ಟೋಪಿ ಸಿಕ್ಕಿತ್ತು.

"ಯಾರಿಗೋ ಕೊಟ್ಬಿಟ್ಟೆ," ಎಂದಳು ಎಫಿ.

"ಕೊಟ್ಬಿಟ್ಯಾ? ವಿಲ್ಫ್‌ನ ಬ್ಯಾಟನ್ನ?"

"ಹೂಂ. ಟೋಪಿ ಸಾಕು ಬಿಡಣ್ಣ."

ಗಂಡನ ಹೆಣ ಮನೆಯಲ್ಲಿರುವಾಗಲೇ ಸುಳ್ಳು ಹೇಳಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಬ್ಯಾಟು ಹಿತ್ತಲ ಒಗೆತದ ಕೋಣೆಯಲ್ಲಿ, ಹಂಡೆಯ ಪಕ್ಕದಲ್ಲೇ ಇತ್ತು. ಇಪ್ಪತ್ತಮೂರು ವರ್ಷ ಪ್ರತಿ ಸೋಮವಾರ ಅವಳು ಕುದಿಯುವ ಬಟ್ಟೆ ತಿರುವಿದ್ದು ಅದರಿಂದಲೇ.

* * *

೧೯೨೮ರ ಬೇಸಿಗೆಯಲ್ಲಿ ವಿಲ್ಫ್ ಹೋಲ್‌ರಾಯ್ಡ್ ಆಸ್ಟ್ರೇಲಿಯಾಕ್ಕೆ ಹೋಗುತ್ತಾನೆಂದು ಎಫಿ ಬೀದಿಗೆಲ್ಲ ಡಂಗುರ ಸಾರಿದ್ದಳು. ಇಂಗ್ಲೆಂಡ್ ತಂಡ ಆರಿಸುವವರು ಆಟ ನೋಡಲು ಬಂದ ದಿನವೇ ಅವನು ತೊಂಬತ್ತನಾಲ್ಕಕ್ಕೆ ರನ್‌ಔಟ್ ಆದ.

"ಓಡು ಅಂತ ಕೂಗಿದ್ದು ಯಾರು?" ಎಂದು ಎಫಿ ಕೇಳಿದ್ದಳು.

"ನಾನೇ. ತಪ್ಪು ನಂದೇ."

ಹಡಗು ಹತ್ತುವವರ ಪಟ್ಟಿ ಸೋಮವಾರ ಬಂತು. ಅವನ ಹೆಸರಿರಲಿಲ್ಲ. ಎಫಿ ಬ್ಯಾಟನ್ನು ಕಿತ್ತುಕೊಂಡು ಕುದಿಯುವ ಹಂಡೆಗೆ ಅದ್ದಿದಳು. "ಓಡೋಕೆ ಬರದವನಿಗೆ ಇದ್ಯಾಕೆ? ನನ್ನ ಬಟ್ಟೆಗಾದ್ರೂ ಬರ್ಲಿ!"

ವಿಲ್ಫ್ ಹಂಡೆಯೊಳಕ್ಕೆ ಬಗ್ಗಿ ನೋಡಿದ. ಆಮೇಲೆ, "ಅಂಚಲ್ಲಿ ತಿರುವಬೇಡ ಕಣೇ, ಸೀಳತ್ತೆ," ಎಂದ.

ಇನ್ನೂ ನಾಲ್ಕು ವರ್ಷ ಆಡಿ, ಆಮೇಲೆ ಅದೇ ಮೈದಾನದ ಹುಲ್ಲು ಕತ್ತರಿಸುತ್ತ ಅವನು ಮುದುಕನಾದ. ರಸ್ತೆ ದಾಟಲು ಅನುಮಾನಿಸಿದರೂ ಸಾಕು, "ಕೂಗ್ರೀ, ಕೂಗಿ ಓಡಿ!" ಎಂದು ಅವಳು ಚುಚ್ಚುತ್ತಿದ್ದಳು. ಅವನು ನಗುತ್ತಿದ್ದ.

* * *

ಪೆಟ್ಟಿಗೆ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತಿತು. ವಿಲ್ಫ್‌ನ ಕಾಲದ ಕ್ಯಾಪ್ಟನ್ ಪೆಲ್ಹಮ್ ಸಾಹೇಬರು ಊರುಗೋಲು ಹಿಡಿದು ಇಳಿದರು. ಅವರು ಕೂಲಿಗೆ ಆಡಿದವರಲ್ಲ, ಹವ್ಯಾಸಕ್ಕೆ ಆಡಿದ ಸಿರಿವಂತರು. ಮೈದಾನಕ್ಕಿಳಿಯಲು ಅವರಿಗೆ ನಡುವಿನ ಗೇಟು, ವಿಲ್ಫ್‌ನಂಥ ಕೂಲಿ ಆಟಗಾರರಿಗೆ ಪಕ್ಕದ್ದು.

"ನಾನೂ ಹೆಗಲು ಕೊಡ್ತೀನಮ್ಮ," ಎಂದರು.

"ಬೇಡ," ಎಂದು ಅಡ್ಡ ನಿಂತವನು ಜೇಬೆಜ್. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಎಫೀ, ಆವತ್ತು ಕೂಗಿದ್ದು ಇವ್ರು! ನಾನು ಪಕ್ಕದ ಗೇಟಲ್ಲೇ ಪ್ಯಾಡ್ ಕಟ್ಕೊಂಡು ನಿಂತಿದ್ದೆ."

ಎಫಿ ಸಾಹೇಬರ ಮುಖ ನೋಡಿದಳು. "ಹೌದಾ?"

"ಹೌದು. ಕೂಗಿ, ಅರ್ಧ ದಾರೀಲಿ ನಿಂತುಬಿಟ್ಟೆ. ಚೆಂಡು ಬರ್ತಿದ್ದದ್ದು ನಾನು ಬಿಟ್ಟು ಬಂದ ತುದಿಯ ವಿಕೆಟ್ಟಿಗೆ. ಔಟಾಗಬೇಕಿದ್ದವನು ನಾನು. ವಿಲ್ಫ್ ತನ್ನ ತುದಿಗೆ ಹಿಂದಕ್ಕೆ ಹೋಗಿದ್ರೆ ಉಳೀತಿದ್ದ." ಅವರು ಪೆಟ್ಟಿಗೆಯ ಕಡೆ ತಿರುಗಿದರು. "ನನ್ನ ಮುಖ ನೋಡಿದ. ನನ್ನ ಬದಲು ತಾನು ಔಟಾಗೋಕೆ ನನ್ನ ದಾಟಿ ಓಡಿಬಿಟ್ಟ."

"ಸಾಹೇಬ್ರನ್ನ ಉಳಿಸೋದು ನಮ್ಮ ಕೆಲಸ ಆಗಿತ್ತಲ್ಲ!" ಎಂದ ಜೇಬೆಜ್. "ನಿಂಗೆ ಹೇಳಬೇಡ ಅಂತ ವಿಲ್ಫ್ ನನ್ನ ಹತ್ರ ಆಣೆ ಹಾಕಿಸ್ಕೊಂಡ. ಗೊತ್ತಾದ್ರೆ ಇವ್ರ ಬಾಗಿಲಿಗೆ ಹೋಗಿ ರಂಪ ಮಾಡ್ತಾಳೆ, ಆಮೇಲೆ ನಂಗೆ ಆಟವೇ ಇಲ್ಲ ಅಂದ."

ರಂಪ ಮಾಡಿಯೇ ಮಾಡುತ್ತಿದ್ದಳು. ತನ್ನನ್ನು ಅಷ್ಟು ಚೆನ್ನಾಗಿ ಬಲ್ಲವನನ್ನು ತಾನು ಒಂದಿಷ್ಟೂ ಅರಿಯಲಿಲ್ಲವಲ್ಲ ಎಂದು ಎಫಿಯ ಎದೆ ಉರಿಯಿತು.

"ಹೆಗಲು ಕೊಡಿ ಸಾಹೇಬ್ರೇ," ಎಂದಳು. "ಚರ್ಚಿನ ದಿಬ್ಬ ಎತ್ತರ ಇದೆ. ಈ ಸಲ ಅರ್ಧ ದಾರೀಲಿ ನಿಲ್ಬೇಡಿ."

ಸಾಹೇಬರು ಊರುಗೋಲು ಗೋಡೆಗೆ ಒರಗಿಸಿ ತಲೆ ತಗ್ಗಿಸಿದರು. ಅವರಿಗೆ ಹೇಳುವುದನ್ನು ಹೇಳಿ ಆಯಿತು. ಇಷ್ಟು ವರ್ಷ ಅವನನ್ನು ಚುಚ್ಚಿದ ತನಗೆ ಹೇಳುವವರು ಯಾರು?

"ತಡೀರಿ," ಎಂದು ಎಫಿ ಹಿತ್ತಲಿಗೆ ನಡೆದಳು.

ಅವಳು ಬ್ಯಾಟು ಹಿಡಿದು ಹೊರಬಂದಾಗ ಬೀದಿಯ ಹೆಂಗಸರೆಲ್ಲ ನೋಡಿದರು. ಅದು ಬೆಂದು ಬೆಂದು ಬಿಳಿಚಿತ್ತು, ತುದಿಯಲ್ಲಿ ನಾರೆದ್ದಿತ್ತು, ಸೋಪಿನ ವಾಸನೆ ಹೊಡೆಯುತ್ತಿತ್ತು. ಅಂಚು ಮಾತ್ರ ಎಲ್ಲೂ ಸೀಳಿರಲಿಲ್ಲ. ಎಫಿ ಅದನ್ನು ಟೋಪಿಯ ಪಕ್ಕ ಇಟ್ಟಳು.

ದಿಬ್ಬ ಏರುವಾಗ ಸಾಹೇಬರ ಮಂಡಿ ಎರಡು ಸಲ ಕುಸಿಯಿತು. ಅವರು ನಿಲ್ಲಲಿಲ್ಲ. ಪೆಟ್ಟಿಗೆ ವಾಲಿ ಬ್ಯಾಟು ಜಾರತೊಡಗಿತು. ಗಿಡ್ಡ ಹೆಂಗಸು ಎಫಿ ತುದಿಗಾಲಲ್ಲಿ ಕೈ ಚಾಚಿ ಅದರ ಹಿಡಿ ಹಿಡಿದುಕೊಂಡಳು. ಸೋಮವಾರದ ಒಗೆತದ ಹಿಡಿತವೇ ಅದು. ಚರ್ಚಿನ ಬಾಗಿಲವರೆಗೂ ಎತ್ತಿದ ಕೈ ಇಳಿಸದೆ ಪಕ್ಕದಲ್ಲೇ ನಡೆದಳು.