ಸೋತವರು ಆರಿಸತಕ್ಕದ್ದು

ಕನ್ನಡಕದಂಗಡಿಯವನಿಗೆ ನಲವತ್ತು ತುಂಬಿ ಮೂರು ವಾರವಾಗಿತ್ತು. ಈ ವಯಸ್ಸಿಗೆ ಮನುಷ್ಯನಿಗೆ ಜಗಳವಾಡಲು ವಿಷಯಗಳಿಗೇನು ಬರವೇ? ಪಕ್ಕದ ಅಂಗಡಿಯವನು ಗಾಡಿ ನಿಲ್ಲಿಸುವ ರೀತಿಯಿದೆ, ಮೇಲಿನ ಮನೆಯ ನಲ್ಲಿ ಸೋರುವುದಿದೆ. ಇವನು ಅದನ್ನೆಲ್ಲ ಬಿಟ್ಟು, ಒಂದು ವಿಡಿಯೋ ಗೇಮಿನ ವಿಷಯಕ್ಕೆ, ಮುಖವನ್ನೇ ಕಂಡಿಲ್ಲದ ಹನ್ನೊಂದು ಜನರ ಮೇಲೆ ಕಾಲು ಕೆರೆದು ಜಗಳಕ್ಕೆ ನಿಂತಿದ್ದ.

ಗೇಮು ಹಳೆಯದು. ಅದರ ಹೊಸ ಆವೃತ್ತಿ ಆ ತಿಂಗಳು ಬಂದಿತ್ತು. ಇಬ್ಬರು ಹೊಡೆದಾಡುವ ಆಟ: ಕೈ, ಕಾಲು, ಮೊಣಕೈ, ಹಿಡಿದು ಎಸೆಯುವ ಪಟ್ಟುಗಳು. ಚಿಕ್ಕಂದಿನಲ್ಲಿ ಅವನಿಗೂ ಅಕ್ಕನಿಗೂ ಸಿಕ್ಕಿದ್ದ ಬೇರೆ ಆಟಗಳಲ್ಲಿ ಮುಂದೆ ಹೋಗಬಹುದಿತ್ತು, ಹಿಂದೆ ಬರಬಹುದಿತ್ತು, ಅಷ್ಟೇ. ಇದರಲ್ಲಿ ಪಕ್ಕಕ್ಕೂ ಸರಿಯಬಹುದಿತ್ತು, ಪರದೆಗೆ ಒಳಗೊಂದು ಆಳವಿತ್ತು. ಎದುರಾಳಿ ಜಾಡಿಸಿ ಒದ್ದಾಗ ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಅವನ ಕಾಲು ಬರೀ ಗಾಳಿಯನ್ನು ಒದೆಯುತ್ತಿತ್ತು. ಏಳು ವರ್ಷದವನಾಗಿದ್ದಾಗ ಅವನು ಇದನ್ನು ಹದಿನಾಲ್ಕರ ಅಕ್ಕನ ಜೊತೆ ಆಡುತ್ತಿದ್ದ. ಒದೆಯುವುದರಲ್ಲಿ ಇವನದು ಎತ್ತಿದ ಕೈ, ಸರಿಯುವುದರಲ್ಲಿ ಅವಳದು. ಹಾಗಾಗಿ ಸೋಲುವವನು ಬಹುಮಟ್ಟಿಗೆ ಇವನೇ.

ಹೊಸದನ್ನು ಕೊಳ್ಳುವ ಮೊದಲು ಆಡಿದವರು ಏನೆನ್ನುತ್ತಾರೋ ನೋಡೋಣವೆಂದು ಅವನು ಆಟಗಾರರ ಅಭಿಪ್ರಾಯಗಳ ಪುಟ ತೆರೆದಿದ್ದ. ಗಾಜು ಅರೆಯುವ ಯಂತ್ರ ಒಂದು ಲೆನ್ಸನ್ನು ಮುಗಿಸುವಷ್ಟರಲ್ಲಿ ನಾಲ್ಕು ಅಭಿಪ್ರಾಯ ಓದಬಹುದಿತ್ತು. ಎಂಥೆಂಥ ಅಭಿಪ್ರಾಯಗಳು! ‘ಸೋಮವಾರದ ಒದೆ’ ಎಂಬ ಹೆಸರಿನವನಿಗೆ ಹೊಡೆದಾಟಗಾರರ ಬಟ್ಟೆಯ ಮಿಣಮಿಣ ಜಾಸ್ತಿಯಾಯಿತಂತೆ, ಯಾರ ಕೈ ಎಲ್ಲಿದೆ ಎಂದೇ ತಿಳಿಯುವುದಿಲ್ಲವಂತೆ. ಇನ್ನೊಬ್ಬಳಿಗೆ ಆಟದಲ್ಲಿನ ಮುದುಕ ಗುರುವಿನ ಕೂದಲಿಗೆ ಕಪ್ಪು ಬಳಿದದ್ದು ಸಹಿಸಲಾಗದ ಅನ್ಯಾಯ. ಮತ್ತೊಬ್ಬ, ಒಂದೇ ಗುಂಡಿ ಒತ್ತಿದರೆ ಐದು ಏಟು ಬೀಳುತ್ತವೆ, ಹಾಗಾದರೆ ಇಪ್ಪತ್ತು ವರ್ಷ ಬೆರಳು ಸವೆಸಿದ ನಾವೇನು ಕಿವಿಗೆ ಹೂ ಇಟ್ಟುಕೊಂಡಿದ್ದೆವೇ ಎಂದು ಬರೆದಿದ್ದ. ಅಂಗಡಿಯವನು ಒಬ್ಬನೇ ಕೂತು ನಕ್ಕ. ಅವನು ಹಾಗೆ ನಕ್ಕು ಬಹಳ ದಿನವಾಗಿತ್ತು.

ನಕ್ಕು ಸುಮ್ಮನಿದ್ದಿದ್ದರೆ ಕತೆಯೇ ಇರುತ್ತಿರಲಿಲ್ಲ. ಆಟವನ್ನು ಕೊಂಡ, ಎರಡು ಸಂಜೆ ಆಡಿದ, ಆಮೇಲೆ ‘ಮೊಂಡ’ ಎಂಬ ಹೆಸರಿನಲ್ಲಿ ತನ್ನದೂ ಒಂದು ಅಭಿಪ್ರಾಯ ಬರೆದ. ಅದು ಚಿಕ್ಕಂದಿನಲ್ಲಿ ಅಕ್ಕ ಇಟ್ಟ ಹೆಸರು, ಬೇರೆ ಯಾರೂ ಅವನನ್ನು ಹಾಗೆ ಕರೆದವರಿಲ್ಲ. "ಎಲ್ಲ ಚೆನ್ನಾಗಿದೆ. ಆದರೆ ಹಳೆಯದರಲ್ಲಿ ಸೋತವರು ಮುಂದಿನ ಅಖಾಡವನ್ನು ಆರಿಸುವ ನಿಯಮವಿತ್ತು. ಇದರಲ್ಲಿ ಯಂತ್ರವೇ ಆರಿಸುತ್ತದೆ. ಇಡೀ ಆಟದಲ್ಲಿ ಕರುಣೆಯೆಂಬುದಿದ್ದರೆ ಅದೊಂದೇ ಇತ್ತು. ಅದನ್ನೂ ಕಿತ್ತುಹಾಕಿದ್ದೀರಿ."

ಸಂಜೆಯೊಳಗೆ ಹನ್ನೊಂದು ಉತ್ತರ. ಅಂಥ ನಿಯಮ ಹಳೆಯದರಲ್ಲಿ ಇರಲೇ ಇಲ್ಲ ಎಂದರು. ಅಂಕಲ್, ನೀವು ಆಡಿದ್ದು ಈ ಗೇಮನ್ನೋ ಹಾವು ಏಣಿಯನ್ನೋ ಎಂದು ಕೇಳಿದರು. ಮೊಂಡ ಪಟ್ಟು ಬಿಡಲಿಲ್ಲ. ಪರದೆಯ ಮೇಲೆ ಬರೆದು ಬರುತ್ತಿತ್ತು, ನನ್ನ ಕಣ್ಣಾರೆ ಕಂಡಿದ್ದೇನೆ, ನಾನು ಕಣ್ಣಿನ ವ್ಯವಹಾರದವನೇ ಎಂದು ಉತ್ತರ ಕೊಟ್ಟ.

ಮುಂದಿನ ಕೌಂಟರಿನಲ್ಲಿ ಫ್ರೇಮುಗಳನ್ನು ಒರೆಸುತ್ತಿದ್ದ ಹೆಂಡತಿ ತಲೆಯೆತ್ತಿದಳು. "ರೀ, ಆ ಅಮ್ಮನೋರು ಆಗ್ಲಿಂದ ಒಂದು ಕಣ್ಣಿಗೆ ಗ್ಲಾಸ್ ಹಾಕ್ಕೊಂಡು ಕೂತಿದಾರೆ. ನಿಮ್ಮ ಕುಸ್ತಿ ಮುಗೀತಾ?"

"ಇವರಿಗೇನೂ ಗೊತ್ತಿಲ್ಲ ಕಣೇ. ಸುಮ್ನೆ ಬಾಯಿಗೆ ಬಂದಂಗೆ ಮಾತಾಡ್ತಾರೆ."

"ಹೌದೌದು, ಊರಿಗೆಲ್ಲ ಇರೋ ಕಣ್ಣು ನಿಮ್ಮವೆರಡೇ," ಎಂದು ಅವಳು ಒರೆಸುವುದನ್ನು ಮುಂದುವರಿಸಿದಳು.

ಹನ್ನೊಂದು ಜನರಲ್ಲಿ ಒಬ್ಬ ಮಾತ್ರ ಗೇಲಿ ಮಾಡಿರಲಿಲ್ಲ. ‘ಮೂರನೇ ಮೊಣಕೈ’ ಎಂದು ಅವನ ಹೆಸರು. ಮಾರನೆಯ ದಿನ ಅವನು ನಿಧಾನವಾಗಿ ಬರೆದ: "ಹಳೆಯದು ನನ್ನ ಹತ್ತಿರ ಈಗಲೂ ಇದೆ. ನಿಮಗೋಸ್ಕರ ಮತ್ತೆ ಹಾಕಿ ನೋಡಿದೆ. ಅಖಾಡ ಆರಿಸುವುದು ಯಾವಾಗಲೂ ಒಂದನೇ ಕಂಟ್ರೋಲರ್ ಹಿಡಿದವರ ಕೈಯಲ್ಲಿ. ಸೋಲಲಿ ಗೆಲ್ಲಲಿ, ಎರಡನೆಯದಕ್ಕೆ ಆ ಅಧಿಕಾರವಿಲ್ಲ. ನೀವು ಹೇಳುವ ಬರಹ ಎಲ್ಲಿ ಬರುತ್ತಿತ್ತು?"

ಈ ಮಾತು ಅವನ ತಲೆ ಕೆಡಿಸಿತು. ಏಕೆಂದರೆ ಒಂದನೇ ಕಂಟ್ರೋಲರ್ ಯಾವಾಗಲೂ ಅಕ್ಕನದು. ಎರಡನೆಯದು ಇವನದು, ಮೂಲೆಯೊಡೆದದ್ದು, ಅಂಟುಪಟ್ಟಿ ಸುತ್ತಿದ್ದು. ಒಡೆದವನೂ ಇವನೇ. ಸತತ ಆರು ಸಲ ಸೋತು, ರೊಚ್ಚಿಗೆದ್ದು ಗೋಡೆಗೆ ಬೀಸಿ, ಆಮೇಲೆ ಮಂಚದ ಕೆಳಗೆ ಹೊಕ್ಕು ಅತ್ತಿದ್ದ. ಅಪ್ಪ ಇಲ್ಲದ ಮನೆ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ಆರು ಗಂಟೆಗೆ ಬರುತ್ತಿದ್ದಳು. ಅಲ್ಲಿಯವರೆಗೆ ತಮ್ಮನನ್ನು ನೋಡಿಕೊಳ್ಳುವುದು ಅಕ್ಕನ ಪಾಲಿನ ಕೆಲಸ. ಗೆಳತಿಯರು ಹೊರಗೆ ತಿರುಗುತ್ತಿದ್ದಾಗ ಅವಳು ಅಮ್ಮನ ಕೋಣೆಯಲ್ಲಿ, ಕಿಟಕಿಯ ಕೆಳಗೆ, ಅಮ್ಮನ ಜೊತೆ ಕೆಲಸ ಮಾಡುವವರು ಯಾರೋ ಕೊಟ್ಟ ಹಳೇ ಗೇಮಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿದ್ದಳು.

ಆ ಗೇಮಿನ ಬರಹವೆಲ್ಲ ಯಾವುದೋ ದೂರದ ದೇಶದ ಲಿಪಿ. ಇವನಿಗಂತೂ ಬಾರದು. ಅಕ್ಕನಿಗೆ ಬರುತ್ತದೆಂದು ಅವನು ನಂಬಿದ್ದ, ಅವಳಿಗೆ ಎಲ್ಲವೂ ಬರುತ್ತಿತ್ತಲ್ಲ. ಕಂಟ್ರೋಲರ್ ಒಡೆದ ಮರುದಿನ, ಅವನು ಮತ್ತೆ ಸೋತು ಮುಖ ಊದಿಸಿಕೊಂಡಾಗ, ಪರದೆಯ ತಳದಲ್ಲಿ ಮಿನುಗುತ್ತಿದ್ದ ಒಂದು ಸಾಲಿಗೆ ಬೆರಳಿಟ್ಟು ಅವಳು ಗಂಭೀರವಾಗಿ ಓದಿದ್ದಳು: "ಸೋತವರು ಮುಂದಿನ ಅಖಾಡವನ್ನು ಆರಿಸತಕ್ಕದ್ದು."

"ತಕ್ಕದ್ದು ಅಂದ್ರೆ?"

"ಅಂದ್ರೆ ಬೇರೆ ದಾರಿನೇ ಇಲ್ಲ. ನೀನೇ ಆರಿಸ್ಬೇಕು. ನಂಗೂ ಇಷ್ಟ ಇಲ್ಲ, ಏನ್ಮಾಡೋದು, ರೂಲ್ಸು."

ಅಂದಿನಿಂದ ಸೋಲು ಅವನಿಗೆ ಅಷ್ಟು ಕಹಿಯಾಗಲಿಲ್ಲ. ಒಂಬತ್ತು ಅಖಾಡಗಳಿದ್ದವು. ಹಿಮದ ಬಯಲು, ಮೀನುಮಾರುಕಟ್ಟೆ, ಕೋಟೆಯ ತಾರಸಿ, ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಪ್ರತಿಸಲವೂ ಅದೇ ಮರದ ಸೇತುವೆಯನ್ನು ಆರಿಸುತ್ತಿದ್ದ. ಅಕ್ಕ ಕಾಯುತ್ತಿದ್ದಳು. ಬೇಗ ಮಾಡು ಎಂದು ಒಂದು ದಿನವೂ ಅಂದವಳಲ್ಲ.

ಭಾನುವಾರ ಮಧ್ಯಾಹ್ನ ಅವನು ಅಟ್ಟದಿಂದ ಹಳೇ ಗೇಮಿದ್ದ ರಟ್ಟಿನ ಪೆಟ್ಟಿಗೆಯನ್ನು ಇಳಿಸಿದ. ಅಮ್ಮ ತೀರಿಕೊಂಡ ಮೇಲೂ ಅವನು ಅದೇ ಮನೆಯಲ್ಲಿದ್ದ. ಅಮ್ಮನ ಆ ಕೋಣೆಯಲ್ಲಿ ಈಗ ಹಳೆಯ ಸೂಟ್‌ಕೇಸುಗಳು, ಇಸ್ತ್ರಿ ಹಲಗೆ, ಕಿಟಕಿಗೆ ಅಡ್ಡವಾಗಿ ಅಮ್ಮನ ಮಂಚ. ಮಂಚದ ಮೇಲೆ ಹಳೇ ಟಿ.ವಿ. ಇಟ್ಟು, ವೈರುಗಳನ್ನು ಸಿಕ್ಕಿಸಿ, ಎರಡು ಸಲ ತಟ್ಟಿದ ಮೇಲೆ ಗೇಮು ಕಣ್ಣು ಬಿಟ್ಟಿತು. ಒಬ್ಬನೇ ಎರಡೂ ಕಡೆ ಆಡಿ ಒಂದು ಹೊಡೆದಾಟ ಮುಗಿಸಿದ. ಆ ಸಾಲು ಮಿನುಗಿತು. ಫೋನಿನಲ್ಲಿ ಚಿತ್ರ ತೆಗೆದು ಮೂರನೇ ಮೊಣಕೈಗೆ ಕಳಿಸಿದ: ನೋಡಪ್ಪಾ, ಇದೇ ಬರಹ, ಈಗೇನಂತೀಯ?

ಉತ್ತರ ಬರುವಷ್ಟರಲ್ಲಿ ಅವನು ಎರಡನೇ ಕಂಟ್ರೋಲರನ್ನು ಕೈಗೆ ತೆಗೆದುಕೊಂಡು ಅಖಾಡಗಳನ್ನು ತಿರುಗಿಸಲು ನೋಡಿದ. ಏನೂ ಅಲುಗಲಿಲ್ಲ. ಹಿಮದ ಬಯಲು ಹಾಗೇ ನಿಂತಿತ್ತು. ಗುಂಡಿಗಳನ್ನೆಲ್ಲ ಒತ್ತಿದ. ಒಂದನೆಯದನ್ನು ಹಿಡಿದು ಒತ್ತಿದ ತಕ್ಷಣ ಮೀನುಮಾರುಕಟ್ಟೆ ಬಂತು.

ಆಗ ಹೆಬ್ಬೆರಳಿಗೆ ನೆನಪಾಯಿತು. ಆಡುವಾಗ ಬೆರಳಿಗೆ ಅಂಟುಪಟ್ಟಿ ಒರಟಾಗಿ ಹತ್ತುತ್ತಿತ್ತು. ಅಖಾಡ ಆರಿಸುವಾಗ ನುಣುಪು. ಸೋತ ಕೂಡಲೇ ಅಕ್ಕ ಅವನ ಕೈಯಿಂದ ಅದನ್ನು ಕಿತ್ತುಕೊಳ್ಳುತ್ತಿದ್ದಳು: "ಥೂ, ಎಷ್ಟು ಬೆವರಿಸ್ತೀಯೋ, ಕೊಡಿಲ್ಲಿ ಒರೆಸ್ತೀನಿ. ಅಷ್ಟು ಹೊತ್ತು ಇದನ್ನ ಹಿಡ್ಕೋ." ಲಂಗದ ಅಂಚಿನಿಂದ ಒರೆಸುತ್ತಲೇ ಇರುತ್ತಿದ್ದಳು, ಅವನು ಆರಿಸಿ ಮುಗಿಸುವವರೆಗೂ. ಆಮೇಲೆ ಮತ್ತೆ ಅದಲುಬದಲು. ಸಾವಿರ ಸಲ ಹಾಗೆ ಮಾಡಿರಬೇಕು. ಇವನಿಗೆ ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ಫೋನು ಸದ್ದು ಮಾಡಿತು. ಮೂರನೇ ಮೊಣಕೈ ಬರೆದಿದ್ದ: "ಈ ಲಿಪಿ ನನಗೆ ಬರುತ್ತದೆ. ‘ಮುಂದುವರಿಸಲು ಗುಂಡಿ ಒತ್ತಿ’ ಎಂದಿದೆ, ಅಷ್ಟೇ. ನಿಮಗೆ ಓದಿ ಹೇಳಿದವರು ಯಾರೋ ಒಳ್ಳೆಯವರಿರಬೇಕು."

ಅವನು ನೆಲದ ಮೇಲೆ ಕೂತುಬಿಟ್ಟ. ಮೂವತ್ತಮೂರು ವರ್ಷ ಒಂದು ಯಂತ್ರವನ್ನು ಕರುಣಾಮಯಿ ಎಂದು ಹೊಗಳಿಕೊಂಡು ಬಂದಿದ್ದ. ಕರುಣೆ ಇದ್ದದ್ದು ಪಕ್ಕದಲ್ಲಿ ಕೂತವಳಲ್ಲಿ. ಅವಳನ್ನು ಅವನು ಈ ಮನೆಯಿಂದ ಹೊರಗೆ ಹಾಕಿದ್ದ.

ಅದಾಗಿ ಏಳು ವರ್ಷ. ಅಕ್ಕನಿಗಾಗ ನಲವತ್ತು, ಈಗ ಇವನಿಗಿರುವಷ್ಟೇ ವಯಸ್ಸು. ಬಂದರಿನಲ್ಲಿ ಕ್ರೇನ್ ಓಡಿಸುವ ಒಬ್ಬರನ್ನು ಮದುವೆಯಾಗುತ್ತೇನೆ ಎಂದು ಅವಳು ಹೇಳಿದಾಗ, ಅಮ್ಮ ಹೋಗಿ ವರ್ಷವಾಗಿರಲಿಲ್ಲ. ನೆಂಟರೆಲ್ಲ ಕೂತಿದ್ದರು. ಈ ವಯಸ್ಸಿಗೆ ಮದುವೆಯಂತೆ, ನಾಚಿಕೆಯಾಗಲ್ವಾ ಎಂದು ಇವನು ಬಾಯಿಗೆ ಬಂದದ್ದು ಅಂದ. ಹೋಗೋದಾದ್ರೆ ಹೋಗು, ಇಬ್ಬರೂ ಈ ಹೊಸ್ತಿಲು ತುಳೀಬೇಡಿ ಎಂದ. ನಿಜ ಹೇಳಬೇಕೆಂದರೆ ನಾಚಿಕೆಯೂ ಇರಲಿಲ್ಲ, ಮಾನದ ಪ್ರಶ್ನೆಯೂ ಇರಲಿಲ್ಲ. ಅವಳು ತನ್ನನ್ನು ಬಿಟ್ಟುಹೋಗುತ್ತಾಳಲ್ಲ ಎಂಬ ಹೊಟ್ಟೆಯುರಿ, ಅಷ್ಟೇ. ಅಕ್ಕ ಯಾವತ್ತಿನಂತೆ ಪಕ್ಕಕ್ಕೆ ಸರಿದು, ಅವನನ್ನು ದಾಟಿ, ಚೀಲ ತೆಗೆದುಕೊಂಡು ಹೋದಳು. ಅಂದು ಗೆದ್ದವನು ತಾನು ಎಂದೇ ಅವನು ತಿಳಿದಿದ್ದ. ಆಮೇಲೆ ತನ್ನ ಮದುವೆಗೂ ಅವಳನ್ನು ಕರೆಯಲಿಲ್ಲ. ಫೋನ್ ಕೈಗೆತ್ತಿಕೊಂಡದ್ದು ಎಷ್ಟೋ ಸಲ, ಒತ್ತಿದ್ದು ಒಮ್ಮೆಯೂ ಇಲ್ಲ. ಒತ್ತಿದರೆ ಸೋತಂತೆ ಎಂದುಕೊಂಡಿದ್ದ.

ಬಾಗಿಲ ಬಳಿ ಹೆಂಡತಿ ನಿಂತಿದ್ದಳು. ಅವನು ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, "ನಿಮ್ಮಕ್ಕನ್ನ ನಾನು ಫೋಟೋದಲ್ಲಿ ಮಾತ್ರ ನೋಡಿರೋದು," ಎಂದಳು. ಬಾಗಿಲು ಮುಂದೆ ಮಾಡಿಕೊಂಡು ಹೋದಳು.

ಅವನು ಒತ್ತಿದ. ಐದು ಸಲ ಗಂಟೆಯಾಯಿತು.

"ಯಾರು?"

"ನಾನು. ಮೊಂಡ."

ಆ ಕಡೆ ಹರಿಯುತ್ತಿದ್ದ ನಲ್ಲಿ ನಿಂತಿತು. "ಏನಾಯ್ತೋ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಅಕ್ಕ." ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗಿ, "ಪರದೆ ಮೇಲೆ ಹಾಗೆ ಬರೆದೇ ಇರಲಿಲ್ವಂತೆ," ಎಂದುಬಿಟ್ಟ.

"ಯಾವ ಪರದೆ? ಏನು ಬರೆದಿರಲಿಲ್ಲ?"

"ಸೋತವರು ಆರಿಸತಕ್ಕದ್ದು ಅಂತ."

ಅವಳು ನಕ್ಕದ್ದು ಕೇಳಿಸಿತು, ಮೂಗಿನಲ್ಲಿ, ಅತ್ತವರು ನಗುವ ಹಾಗೆ. "ನಲವತ್ತು ವರ್ಷಕ್ಕೆ ಗೊತ್ತಾಯ್ತಾ? ನಾನು ಹತ್ತಕ್ಕೆಲ್ಲ ಕಂಡುಹಿಡೀತೀಯ ಅಂದ್ಕೊಂಡಿದ್ದೆ. ದಡ್ಡ ಮುಂಡೇದೇ."

"ಅಕ್ಕ, ಅವತ್ತು ಗೆದ್ದಿದ್ದು ನಾನು ಅಂದ್ಕೊಂಡೆ. ಹಾಗಿದ್ರೆ ಅಖಾಡ ನೀನು ಆರಿಸ್ಬೇಕಿತ್ತು. ನಾನು ನಿನ್ನ ಕೈಗೆ ಕೊಡಲೇ ಇಲ್ಲ. ತಪ್ಪಾಯ್ತು. ಈಗ ಕೊಡ್ತಿದೀನಿ. ಎಲ್ಲಿ ಅಂತ ಹೇಳು, ಅಲ್ಲಿಗೆ ಬರ್ತೀನಿ. ಬಂದು ಬೈಸ್ಕೋತೀನಿ."

ಫೋನು ಕಟ್ಟಾಗಿಲ್ಲವೆಂಬುದು ಅವಳ ಉಸಿರಿನಿಂದ ತಿಳಿಯುತ್ತಿತ್ತು. ಟಿ.ವಿ.ಯಲ್ಲಿ ಮೀನುಮಾರುಕಟ್ಟೆ ಹಾಗೇ ನಿಂತಿತ್ತು. ಅವನಿಗೆ ಹಲೋ ಹಲೋ ಎನ್ನಬೇಕೆನಿಸಿತು. ಅನ್ನಲಿಲ್ಲ. ಕಾಲು ಮಡಿಸಿ ಕೂತು, ಅವಳು ಆಗೆಲ್ಲ ಕಾದಂತೆ ಕಾದ.

"ಅಮ್ಮನ ಕೋಣೆ," ಎಂದಳು ಕೊನೆಗೆ. "ಕಿಟಕಿ ಕೆಳಗೆ."

"ಬಾ," ಎಂದ.

"ಒಬ್ಬಳೇ ಬರಲ್ಲ ನಾನು."

"ಬನ್ನಿ ಅಕ್ಕ. ಇಬ್ಬರೂ ಬನ್ನಿ. ಭಾವನ್ನ ಕರ್ಕೊಂಡು ಬಾ." ಆ ಮನುಷ್ಯನನ್ನು ಅವನು ಭಾವ ಎಂದದ್ದು ಅದೇ ಮೊದಲು.

"ಬಾಗಿಲು ನೀನೇ ತೆಗೀಬೇಕು. ನಿನ್ನ ಹೆಂಡ್ತಿ ಕೈಲಿ ತೆಗ್ಸೋದಲ್ಲ."

"ತೆಗೆಯತಕ್ಕದ್ದು," ಎಂದ.

ಫೋನಿಟ್ಟ ಮೇಲೆ ಹೆಂಡತಿಯನ್ನು ಕೂಗಿದ. ಇಬ್ಬರೂ ಸೇರಿ ಟಿ.ವಿ.ಯನ್ನು ಇಳಿಸಿ, ಮಂಚವನ್ನು ಆಚೆ ಗೋಡೆಗೆ ಎಳೆದರು. ಕಿಟಕಿಯ ಕೆಳಗೆ ಇಬ್ಬರು ಕೂರುವಷ್ಟು ನೆಲ ಖಾಲಿಯಾಯಿತು. ಅವನು ಒದ್ದೆ ಬಟ್ಟೆ ತಂದು ಅದನ್ನು ಒರೆಸಿದ, ಆಮೇಲೆ ಒಂದನೇ ಕಂಟ್ರೋಲರನ್ನೂ ಅಂಗಿಯ ಅಂಚಿನಿಂದ ಒರೆಸಿ, ಅಕ್ಕ ಕೂರುವ ಕಡೆ ಇಟ್ಟ.